ಕೈ ತೊಳೆದಿರಾ ಎಂದು ಕೇಳೋಣ



ರಾಜ್ಯೋತ್ಸವದ ವೇದಿಕೆಯ ಮೇಲೆ ಕೈ ತೊಳೆಯುವ ಮಾತೇ ಎಂದು ತಾವು ನಗಬಹುದು. ನಾವು ಬ್ಯಾಂಕಿನ ಕಾರಕೂನರು, ವೈದ್ಯಶಾಸ್ತ್ರ ಬಲ್ಲವರಲ್ಲ. ಆದರೆ ಈ ಮುಂಬಯಿಯಲ್ಲಿ ಸಂಸಾರ ಹೂಡಿದ ನಾವೆಲ್ಲರೂ ಒಂದಿಲ್ಲೊಂದು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೇ.

ಎರಡು ವರ್ಷಗಳ ಹಿಂದೆ ನಮ್ಮ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಯಿತು. ಮೂರನೆಯ ದಿನ ವೈದ್ಯರು ಪಕ್ಕದ ಹಾಸಿಗೆಯ ರೋಗಿಯ ಗಾಯವನ್ನು ಮುಟ್ಟಿ ನೋಡಿ, ಅದೇ ಕೈಯಿಂದ ತಾಯಿಯವರ ಪಟ್ಟಿ ಬಿಚ್ಚಿದರು. ನಾವು ಕಂಡೆವು, ಬಾಯಿ ಬಿಡಲಿಲ್ಲ. ದೊಡ್ಡವರು ಏನೆಂದುಕೊಂಡಾರೋ ಎಂಬ ಅಂಜಿಕೆ. ನಮ್ಮ ಮರಾಠಿ ತಪ್ಪೀತೆಂಬ ಸಂಕೋಚ ಬೇರೆ. ಮುಂದೆ ಗಾಯ ಕೀವುಗಟ್ಟಿತು. ಐದು ದಿನದ ವಾಸ ಹದಿನೇಳು ದಿನವಾಯಿತು. ಆ ಕೈಯೇ ಕಾರಣವೆಂದು ನಾವು ಹೇಳಲಾರೆವು. ಆದರೆ ಅಂದು ಸುಮ್ಮನಿದ್ದುದು ಇಂದಿಗೂ ಮನಸ್ಸನ್ನು ಚುಚ್ಚುತ್ತಿದೆ.

ಕೈ ತೊಳೆಯುವುದರ ಮಹಿಮೆ ಹೊಸತೇನಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆಣ ಕೊಯ್ದು ಬಂದ ಕೈಗಳನ್ನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ತೊಳೆದೇ ಹೆರಿಗೆಯ ಕೋಣೆಗೆ ಬರಬೇಕೆಂದು ಕಟ್ಟು ಮಾಡಿದರು. ಆ ವರ್ಷದ ಏಪ್ರಿಲಿನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಆದರೂ ತಮ್ಮ ಕೈಯೇ ಕೊಳೆಯೆಂಬುದನ್ನು ಅನೇಕ ವೈದ್ಯರು ಒಪ್ಪಲಿಲ್ಲ.

ಇಂದು ಒಪ್ಪದ ವೈದ್ಯರಿಲ್ಲ; ಮರೆಯುವವರುಂಟು. ರೋಗಿಯನ್ನು ಮುಟ್ಟುವ ಮೊದಲೂ ಅನಂತರವೂ ಕೈ ಶುಚಿಯಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ವಿಧಿಸಿದೆ. ಮದ್ಯಸಾರದ ದ್ರವವಾದರೆ 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಕೈಗವಸು ತೊಟ್ಟ ಮಾತ್ರಕ್ಕೆ ಈ ನಿಯಮ ತಪ್ಪದು. ಆದರೆ ಒಬ್ಬ ದಾದಿಗೆ ಹತ್ತಾರು ಹಾಸಿಗೆ. ಧಾವಂತದಲ್ಲಿ ಮರೆವು ಸಹಜ. ಪ್ರತಿಯೊಂದು ಮುಟ್ಟುವಿಕೆಗೂ ಸಾಕ್ಷಿಯಾಗಿರುವವನು ರೋಗಿಯೊಬ್ಬನೇ. ಅವನೇ ಏಕೆ ನೆನಪಿಸಬಾರದು?

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 'ಕೈ ತೊಳೆದಿರಾ?' ಎಂದು ಕೇಳುವಂತೆ ರೋಗಿಗಳಿಗೆ ಹೇಳಿಕೊಟ್ಟಾಗ ಸಿಬ್ಬಂದಿ ಕೈ ತೊಳೆಯುವುದು ಸರಾಸರಿ ಅರ್ಧದಷ್ಟು ಹೆಚ್ಚಿತೆಂದು 2001ರಲ್ಲಿ ಪ್ರಕಟವಾಯಿತು. ಆದರೆ ಒಂದು ಸಂಗತಿ ಗಮನಿಸಿರಿ: ರೋಗಿಗಳೆಲ್ಲರೂ ದಾದಿಯರನ್ನು ಕೇಳಿದರು; ವೈದ್ಯರನ್ನು ಕೇಳಿದವರು ನೂರಕ್ಕೆ 35 ಮಂದಿ ಮಾತ್ರ! ಅಂಜಿಕೆ ನಮ್ಮೊಬ್ಬರದೇ ಅಲ್ಲ.

ಬ್ಯಾಂಕಿನಲ್ಲಿ ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ನೋಡಿ ಸಹಿ ಹಾಕದೆ ಹಣ ಹೊರಗೆ ಹೋಗದು. ಇದರಿಂದ ಯಾರ ಮಾನವೂ ಹೋಗಿಲ್ಲ. ಎಷ್ಟೋ ಸಲ ನಮ್ಮ ನೌಕರಿಯೇ ಉಳಿದಿದೆ. ರೋಗಿಯ ಪ್ರಶ್ನೆಯೂ ಅಂಥದೇ ಎರಡನೆಯ ಸಹಿ.

ಆದರೆ ಹಾಸಿಗೆ ಹಿಡಿದವನ ಮೇಲೆಯೇ ಪೂರ್ತಿ ಭಾರ ಹೊರಿಸುವುದು ನ್ಯಾಯವಲ್ಲ. 'ನಾವು ಮರೆತರೆ ಕೇಳಿರಿ' ಎಂದು ವೈದ್ಯರೇ ಮೊದಲು ಹೇಳಬೇಕು. ಹಾಸಿಗೆಯ ಬಳಿ ದ್ರವದ ಸೀಸೆ ಇರಬೇಕು. ನೋಡಲು ಹೋದ ನಾವೂ ಕೈ ತೊಳೆದೇ ಹತ್ತಿರ ಕೂಡಬೇಕು.

ಕಳೆದ ತಿಂಗಳು ತಾಯಿಯವರನ್ನು ಪುನಃ ಆಸ್ಪತ್ರೆಗೆ ಕರೆದೊಯ್ದಿದ್ದೆವು. ನಾವು ಇನ್ನೂ ಮಾತು ಹೊಂದಿಸುತ್ತಿರುವಾಗಲೇ ಅವರು, "ಡಾಕ್ಟರ್‌ಸಾಹೇಬ್, ಹಾತ್ ಧುತಲೇ ಕಾ?" ಎಂದು ನಗುತ್ತ ಕೇಳಿಬಿಟ್ಟರು. ವೈದ್ಯರೂ ನಕ್ಕು, ಹೋಗಿ ಕೈ ತೊಳೆದು ಬಂದರು. ಅಷ್ಟೇ ಮರಾಠಿ ಸಾಕಾಯಿತು. ತಮ್ಮೆಲ್ಲರಿಗೂ ಅಷ್ಟು ಧೈರ್ಯ ಬರಲೆಂದು ಹಾರೈಸಿ ವಿರಮಿಸುತ್ತೇವೆ.