ಆ ರೂಮು ಬ್ಯಾಡಿ ಸಾರ್

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ದೆವ್ವಗಳ ಬಗ್ಗೆ ಮಾತಾಡಲು ಸಂಜೆ ಆರೂವರೆಯ ಹೊತ್ತನ್ನೇ ಗೊತ್ತುಮಾಡಿದ ನಿಮ್ಮ ಜಾಣತನವನ್ನು ಮೊದಲು ಮೆಚ್ಚಬೇಕು. ನನ್ನ ಮಾತು ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ನಡುವೆ ಕರೆಂಟು ಹೋದರೆ ಅದು ನನ್ನ ಹೊಣೆಯಲ್ಲ.

ಹಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಪ್ರವಾಸಿ ಮಂದಿರದಲ್ಲಿ ಒಂದು ರಾತ್ರಿ ತಂಗಬೇಕಾಗಿ ಬಂತು. ನಾವೆಲ್ಲ ಟಿ.ಬಿ. ಎಂದು ಕರೆಯುತ್ತೇವಲ್ಲ, ಅದು. ಬ್ರಿಟಿಷರ ಕಾಲದ ಕಟ್ಟಡ. ಹೆಂಚಿನ ಮಾಡು, ಎತ್ತರದ ಬಾಗಿಲುಗಳು, ಮುಂದೆ ಉದ್ದನೆಯ ವರಾಂಡ. ಮೇಟಿ ಬಾಗಿಲ ಬಳಿಯ ಕೋಣೆಯನ್ನು ತೆಗೆದುಕೊಟ್ಟ. ನನಗೆ ಕಣಿವೆಯ ಕಡೆಗಿದ್ದ ಕೊನೆಯ ಕೋಣೆಯ ಮೇಲೆ ಕಣ್ಣು. ಕೇಳಿದೆ. ಅವನು ದನಿ ತಗ್ಗಿಸಿ, "ಆ ರೂಮು ಬ್ಯಾಡಿ ಸಾರ್. ಹಿಂದೆ ಒಬ್ಬ ದೊರೆ ಅಲ್ಲೇ ಹೋಗಿಬಿಟ್ಟ. ರಾತ್ರಿ ಓಡಾಡ್ತಾನೆ" ಎಂದ. ರಾತ್ರಿ ಹನ್ನೊಂದರ ಸುಮಾರಿಗೆ ಆ ಕೋಣೆಯಿಂದ ನಿಜಕ್ಕೂ ಸದ್ದು ಬಂತು. ಏನೋ ಉರುಳಿದಂತೆ, ಯಾರೋ ಕೆರೆದಂತೆ. ನಾನು ದೀಪ ಆರಿಸಲಿಲ್ಲ. ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಎದ್ದು ಹೋದೀರಿ.

ಇಂಥ ಅನುಭವಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಪರಂಪರೆಯಿದೆ. ಅಂಚೆಯ ಹಾದಿಯಲ್ಲಿ ದಣಿದ ಪಯಣಿಗರು ತಂಗಲೆಂದು ಸರ್ಕಾರ ಕಟ್ಟಿಸಿದ ಡಾಕ್ ಬಂಗಲೆಗಳೇ ನಮ್ಮ ಟಿ.ಬಿ.ಗಳ ಹಿರಿಯಜ್ಜಿಯರು. ರಡ್ಯಾರ್ಡ್ ಕಿಪ್ಲಿಂಗ್ 1888ರಲ್ಲಿ ಪ್ರಕಟಿಸಿದ ಒಂದು ಕಥೆ ಇಂಥದೇ ಬಂಗಲೆಯಲ್ಲಿ ನಡೆಯುತ್ತದೆ. ಒಂಟಿಯಾಗಿ ಮಲಗಿದ ನಿರೂಪಕನಿಗೆ ಪಕ್ಕದ ಕೋಣೆಯಲ್ಲಿ ಬಿಲಿಯರ್ಡ್ಸ್ ಆಡುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಆ ಕೋಣೆಯೋ, ಬಿಲಿಯರ್ಡ್ಸ್ ಮೇಜು ಹಿಡಿಸಲಾರದಷ್ಟು ಚಿಕ್ಕದು. ಬೆಳಿಗ್ಗೆ ಮುದುಕ ಖಾನ್‌ಸಾಮಾ, ಹಿಂದೆ ಮೂರು ಕೋಣೆ ಒಂದಾಗಿದ್ದಾಗ ರೈಲು ಹಾಕಲು ಬಂದ ಸಾಹೇಬರು ಅಲ್ಲಿ ಆಡುತ್ತಿದ್ದರು, ಒಬ್ಬ ಆಡುತ್ತಲೇ ಸತ್ತ ಎಂದು ಹೇಳುತ್ತಾನೆ. ನಿರೂಪಕನಿಗೆ ಎಲ್ಲಿಲ್ಲದ ಹಿಗ್ಗು: ಕೊನೆಗೂ ತನಗೊಂದು ಅಪ್ಪಟ ದೆವ್ವ ಸಿಕ್ಕಿತು! ಅಷ್ಟರಲ್ಲಿ ಮತ್ತೆ ಅದೇ ಸದ್ದು. ಹೋಗಿ ನೋಡಿದರೆ ಚಾವಣಿಯ ಬಟ್ಟೆಯ ಮೇಲೆ ಓಡಾಡುವ ಇಲಿ, ಗಾಳಿಗೆ ಬಡಿದುಕೊಳ್ಳುವ ಸಡಿಲ ಕಿಟಕಿ. ಕಿಪ್ಲಿಂಗನ ಜಾಣತನ ಕಾಣುವುದು ಇಲಿಯಲ್ಲಲ್ಲ, ಇಲಿ ಸಿಕ್ಕಿದಾಗ ನಿರೂಪಕನಿಗಾಗುವ ನಿರಾಶೆಯಲ್ಲಿ. ದೆವ್ವ ಇಲ್ಲವೆಂದು ಗೊತ್ತಾದರೆ ಸಮಾಧಾನವಾಗಬೇಕಲ್ಲವೆ? ಅವನಿಗೆ ಬೇಸರವಾಗುತ್ತದೆ.

ಈ ಬೇಸರವೇ ಇಂದು ದೊಡ್ಡ ವ್ಯಾಪಾರ. ನಮ್ಮಲ್ಲಿ ಒಂದು ಮನೆಗೆ ದೆವ್ವದ ಹೆಸರು ಬಂದರೆ ಬಾಡಿಗೆಗೆ ಬರುವವರಿಲ್ಲ. ಬೆಂಗಳೂರಿನಲ್ಲೇ 1990ರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದವರು ನಾವು. ಅಮೆರಿಕ, ಇಂಗ್ಲೆಂಡುಗಳ ಹಳೆಯ ಹೋಟೆಲುಗಳಲ್ಲಿ 'ಈಗಲೇ ಬಾ' ಎಂಬ ಬೋರ್ಡು. ದೆವ್ವವಿರುವ ಕೋಣೆಯನ್ನೇ ಜನ ಕೇಳಿ ಪಡೆಯುತ್ತಾರೆ.

ಕೊಲರಾಡೊ ರಾಜ್ಯದ ಎಸ್ಟೆಸ್ ಪಾರ್ಕಿನಲ್ಲಿರುವ ಸ್ಟ್ಯಾನ್ಲಿ ಹೋಟೆಲು ಇದಕ್ಕೆ ಹೆಸರುವಾಸಿ. ಉಗಿಯಿಂದ ಓಡುವ ಕಾರುಗಳನ್ನು ತಯಾರಿಸಿದ ಅವಳಿ ಸೋದರರಲ್ಲಿ ಒಬ್ಬನಾದ ಎಫ್.ಒ. ಸ್ಟ್ಯಾನ್ಲಿ ಕ್ಷಯರೋಗಿಯಾಗಿ 1903ರಲ್ಲಿ ಅಲ್ಲಿಗೆ ಬಂದ. ಬೆಟ್ಟದ ಗಾಳಿಗೆ ಚೇತರಿಸಿಕೊಂಡ. 1909ರಲ್ಲಿ ಹೋಟೆಲು ತೆರೆದ. 1911ರ ಜೂನ್‌ನಲ್ಲಿ 217ನೆಯ ಕೋಣೆಯಲ್ಲಿ ದೀಪದ ಅನಿಲ ಸೋರಿ ತುಂಬಿಕೊಂಡಿತ್ತು. ಕೆಲಸದ ಹೆಂಗಸು ಬೆಂಕಿಯೊಂದಿಗೆ ಒಳಬಂದಳು. ಸ್ಫೋಟವಾಗಿ ನೆಲವೇ ಕುಸಿಯಿತು. ಆಕೆ ಗಾಯಗೊಂಡಳು, ಆದರೆ ಬದುಕಿದಳು. ಇಂದು ಆ ಕೋಣೆಯಲ್ಲಿ ತಂಗಿದವರ ಬಟ್ಟೆಬರೆಯನ್ನು ಮಡಚಿಡುವವಳು ಅವಳೇ ಎಂದು ಪ್ರತೀತಿ. ಸತ್ತ ಮೇಲೂ ಸಂಬಳವಿಲ್ಲದ ದುಡಿಮೆ ತಪ್ಪಿಲ್ಲ, ನೋಡಿ.

1974ರಲ್ಲಿ, ಚಳಿಗಾಲಕ್ಕೆಂದು ಹೋಟೆಲು ಮುಚ್ಚುವ ಹೊತ್ತಿನಲ್ಲಿ, ಕಾದಂಬರಿಕಾರ ಸ್ಟೀಫನ್ ಕಿಂಗ್ ಹೆಂಡತಿಯೊಡನೆ ಅಲ್ಲಿಗೆ ಬಂದ. ಇಡೀ ಹೋಟೆಲಿಗೆ ಅವರಿಬ್ಬರೇ ಅತಿಥಿಗಳು. ಕೋಣೆ ಅದೇ 217. ರಾತ್ರಿ, ಮಗನನ್ನು ಬೆಂಕಿ ಆರಿಸುವ ಕೊಳವೆ ಅಟ್ಟಿಸಿಕೊಂಡು ಬಂದಂತೆ ಕನಸು ಬಿತ್ತು. ಎಚ್ಚರಗೊಂಡು ಸಿಗರೇಟು ಸೇದಿ ಮುಗಿಸುವಷ್ಟರಲ್ಲಿ ಕಾದಂಬರಿಯ ಹಂದರ ಸಿದ್ಧವಾಗಿತ್ತು ಎಂದು ಅವನೇ ಹೇಳಿದ್ದಾನೆ. ಅದೇ 1977ರ 'ದಿ ಶೈನಿಂಗ್'. ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಹೊರನೋಟಕ್ಕೆ ಬಳಸಿದ್ದು ಆರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್ ಎಂಬ ಬೇರೆಯದೇ ಹೋಟೆಲನ್ನು. ನಮ್ಮ 217ಕ್ಕೆ ಮುಂದೆ ಯಾರೂ ಬರಲಾರರು ಎಂದು ಅಲ್ಲಿಯವರು ಹೆದರಿದ್ದರಿಂದ ಸಿನಿಮಾದಲ್ಲಿ ಕೋಣೆಯ ಸಂಖ್ಯೆ 237 ಆಯಿತು. ಆದದ್ದೇ ಬೇರೆ. ಅಲ್ಲಿ ಜನ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು 217ನ್ನೇ!

ಅದೇ 1911ರ ಸೆಪ್ಟೆಂಬರಿನಲ್ಲಿ ನಮ್ಮ ಮಸ್ಸೂರಿಯಲ್ಲಿ ಇನ್ನೊಂದು ಘಟನೆ ನಡೆಯಿತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಇದು.

ಡೆಹ್ರಾಡೂನಿಗೆ ರೈಲು ಬಂದದ್ದು 1900ರಲ್ಲಿ. ಎರಡೇ ವರ್ಷದಲ್ಲಿ ಮೇಲೆ ಮಸ್ಸೂರಿಯಲ್ಲಿ ಸವಾಯ್ ಹೋಟೆಲು ಎದ್ದುನಿಂತಿತು. ಲಖನೌದ ವಕೀಲನೊಬ್ಬ ಕಟ್ಟಿಸಿದ್ದು. ಮೋಟಾರು ರಸ್ತೆಯಿಲ್ಲದ ಕಾಲ. ಪೀಠೋಪಕರಣ, ಪಿಯಾನೋ ಎಲ್ಲವೂ ಎತ್ತಿನ ಗಾಡಿಯಲ್ಲಿ ಬೆಟ್ಟ ಹತ್ತಿದವು. 1905ರ ಕಾಂಗಡಾ ಭೂಕಂಪದ ಪೆಟ್ಟನ್ನೂ ತಿಂದು ಅದು ಉಳಿಯಿತು. ಅಲ್ಲಿಗೆ ಲಖನೌದಿಂದ ಇಬ್ಬರು ಗೆಳತಿಯರು ಬಂದರು: ಫ್ರಾನ್ಸಿಸ್ ಗಾರ್ನೆಟ್ ಆರ್ಮ್ ಮತ್ತು ಈವಾ ಮೌಂಟ್‌ಸ್ಟೀಫನ್. ಇಬ್ಬರಿಗೂ ಪ್ರೇತಾತ್ಮಗಳೊಡನೆ ಮಾತಾಡುವ ಗೀಳು. ಈವಾ ಲಖನೌಗೆ ಮರಳಿದ ಮೇಲೆ ಒಂದು ದಿನ ಫ್ರಾನ್ಸಿಸ್ ಕೋಣೆಯಲ್ಲಿ ಸತ್ತು ಬಿದ್ದಿದ್ದಳು. ಬಾಗಿಲು ಒಳಗಿನಿಂದ ಭದ್ರ. ಪರೀಕ್ಷೆಯಲ್ಲಿ ಕಂಡದ್ದು ಪ್ರೂಸಿಕ್ ಆಮ್ಲ, ಅಂದರೆ ಸಯನೈಡಿನ ಬಳಗದ ವಿಷ. ಗೆಳತಿಯೇ ಔಷಧದ ಸೀಸೆಯಲ್ಲಿ ಕೈಯಾಡಿಸಿ ಹೋಗಿದ್ದಾಳೆಂಬ ಶಂಕೆಯ ಮೇಲೆ ಅಲಹಾಬಾದಿನಲ್ಲಿ ಈವಾಳ ವಿಚಾರಣೆ ನಡೆಯಿತು. ಅವಳು ತಪ್ಪಿತಸ್ಥಳಲ್ಲ ಎಂದು ಬಿಡುಗಡೆಯಾಯಿತು. ಕೊಂದವರು ಯಾರು, ಅಥವಾ ಯಾರಾದರೂ ಕೊಂದರೇ ಎಂಬುದು ಇತ್ಯರ್ಥವಾಗಲೇ ಇಲ್ಲ.

ನಾನು ಮಸ್ಸೂರಿಗೆ ಹೋಗಿದ್ದಾಗ ಲೈಬ್ರರಿ ಬಜಾರಿನ ಬಳಿ ಟ್ಯಾಕ್ಸಿಯವನು ಸವಾಯ್ ಕಡೆ ಬೆರಳು ತೋರಿಸಿ ಕಥೆ ಶುರುಮಾಡಿದ. ಬಿಳಿ ಸೀರೆಯ ಮೇಮ್‌ಸಾಹೇಬ್ ರಾತ್ರಿ ಓಣಿಯಲ್ಲಿ ಕೊಲೆಗಾರ್ತಿಯನ್ನು ಹುಡುಕುತ್ತ ಅಲೆಯುತ್ತಾಳಂತೆ. 1911ರ ಇಂಗ್ಲಿಷ್ ಹೆಂಗಸು ಸೀರೆ ಯಾವಾಗ ಉಟ್ಟಳು ಎಂದು ನಾನು ಕೇಳಲಿಲ್ಲ. ನಮ್ಮ ದೇಶದ ದೆವ್ವಗಳಿಗೆ ಬಿಳಿ ಸೀರೆಯೇ ಸಮವಸ್ತ್ರ. ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿಗೆ ಇದೇ ಪ್ರೇರಣೆ, ಕಿಪ್ಲಿಂಗ್ ಈ ಸುದ್ದಿಯನ್ನು ಕಾನನ್ ಡಾಯ್ಲ್‌ಗೆ ಬರೆದ, ಡಾಯ್ಲ್ ಅದನ್ನು ಕ್ರಿಸ್ಟಿಗೆ ದಾಟಿಸಿದ ಎಂದೂ ಹೇಳುತ್ತಾರೆ. ಕೇಳಲು ಸೊಗಸು. ಆದರೆ 1920ರ ಆ ಕಾದಂಬರಿಯ ವಿಷ ಸ್ಟ್ರಿಕ್ನಿನ್. ಕ್ರಿಸ್ಟಿ ತನ್ನ ಆತ್ಮಕಥೆಯಲ್ಲಿ ಹೇಳುವುದು ಮೊದಲ ಮಹಾಯುದ್ಧದ ಕಾಲದಲ್ಲಿ ಟಾರ್ಕಿ ಊರಿನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಸೀಸೆಗಳ ನಡುವೆ ಕೂತಿದ್ದನ್ನು, ಪತ್ತೇದಾರಿ ಕಥೆ ನಿನ್ನಿಂದಾಗದು ಎಂದ ಅಕ್ಕನ ಸವಾಲನ್ನು. ಮುಚ್ಚಿದ ಬಾಗಿಲು, ಔಷಧದ ಸೀಸೆ ಎರಡರಲ್ಲೂ ಇವೆ, ನಿಜ. ನನ್ನ ಮಟ್ಟಿಗೆ ಸಂಬಂಧ ಅಷ್ಟಕ್ಕೇ ನಿಲ್ಲುತ್ತದೆ.

ನನ್ನನ್ನು ಕಾಡುವುದು ಈವಾ. ನ್ಯಾಯಾಲಯ ಬಿಟ್ಟಿತು. ದೆವ್ವದ ಕಥೆ ಬಿಡಲಿಲ್ಲ. ಫ್ರಾನ್ಸಿಸ್ 'ಕೊಲೆಗಾರ್ತಿಯನ್ನು' ಹುಡುಕುತ್ತಾಳೆ ಎಂದು ಹೇಳಿದಾಗಲೆಲ್ಲ, ಉತ್ತರ ಹೇಳಲು ಇಲ್ಲದ ಒಬ್ಬ ಹೆಂಗಸಿಗೆ ಟ್ಯಾಕ್ಸಿಯಲ್ಲಿ ಕೂತವರು ಶಿಕ್ಷೆ ಕೊಡುತ್ತಾರೆ. ನಾನೂ ಆ ದಿನ ತಲೆಯಾಡಿಸಿದವನೇ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ದೆವ್ವಗಳಿಗೆ ಹೋಟೆಲೇ ಯಾಕೆ ಬೇಕು? ಮನೆಯಲ್ಲಿ ಸತ್ತವರಿಗೆ ತಿಥಿಯುಂಟು, ಗೋಡೆಯಲ್ಲಿ ಫೋಟೋ ಉಂಟು, ಅವರು ಹಿರಿಯರಾಗುತ್ತಾರೆ. ಛತ್ರದಲ್ಲಿ ಸತ್ತವನಿಗೆ ಯಾರಿದ್ದಾರೆ? ಮರುದಿನ ಹಾಸಿಗೆ ಕೊಡವಿ ಕೋಣೆಯನ್ನು ಮತ್ತೊಬ್ಬರಿಗೆ ಕೊಡುತ್ತಾರೆ. ಕಥೆಯೊಂದೇ ಅವನಿಗೆ ಸಲ್ಲುವ ಪಿಂಡ.

ಇನ್ನೊಂದು ಕಾರಣ ನಮ್ಮ ತಲೆಯೊಳಗೇ ಇದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬಾರದು ಎನ್ನುತ್ತೇವಲ್ಲ, ಅದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಅಪರಿಚಿತ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ. ಸಣ್ಣ ಸದ್ದಿಗೂ ಎಚ್ಚರಗೊಳ್ಳುತ್ತದೆ. ಅರ್ಧ ತಲೆ ಕಾವಲು ಕೂತಿರುತ್ತದೆ ಎನ್ನೋಣ. ಹಳೆಯ ಕಟ್ಟಡವೋ, ರಾತ್ರಿ ತಣ್ಣಗಾದಂತೆ ತೊಲೆ ಹಲಗೆಗಳು ಕುಗ್ಗಿ ಲಟಲಟ ಎನ್ನುತ್ತವೆ. ಬ್ರಿಟನ್ನಿನ ಇಂಜಿನಿಯರ್ ವಿಕ್ ಟ್ಯಾಂಡಿ ತನ್ನ ಪ್ರಯೋಗಾಲಯದಲ್ಲಿ ಕಣ್ಣಂಚಿಗೆ ಬೂದುಬಣ್ಣದ ಆಕೃತಿಯೊಂದನ್ನು ಕಂಡು ಬೆವರಿದ. ಹುಡುಕಿದಾಗ ಸಿಕ್ಕಿದ್ದು ಗಾಳಿಯನ್ನು ಹೊರಹಾಕುವ ಫ್ಯಾನಿನಿಂದ ಹುಟ್ಟುತ್ತಿದ್ದ, ಸೆಕೆಂಡಿಗೆ ಸುಮಾರು 19 ಕಂಪನಗಳ, ಕಿವಿಗೆ ಕೇಳದ ಸದ್ದು. 1998ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಎಲ್ಲ ದೆವ್ವಗಳಿಗೂ ಈ ಫ್ಯಾನು ಹೊಂದುತ್ತದೆಂದು ನಾನು ನಂಬಲಾರೆ.

ನಗುವಂತಿಲ್ಲದ ಒಂದು ದೆವ್ವವೂ ಇದೆ. 1921ರಲ್ಲಿ ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ವಿಚಾರ ಬರೆದ. ಹಳೆಯ ಮನೆಗೆ ಬಂದಮೇಲೆ ಅವರಿಗೆ ತಲೆನೋವು, ರಾತ್ರಿ ಹೆಜ್ಜೆಯ ಸದ್ದು, ಯಾರೋ ನೋಡುತ್ತಿರುವ ಭಾವನೆ. ಕುಂಡದ ಗಿಡಗಳೂ ಬಾಡಿದವು. ಕಾರಣ, ಕೆಟ್ಟುಹೋದ ಒಲೆಯಿಂದ ಮನೆ ತುಂಬುತ್ತಿದ್ದ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಬೆಟ್ಟದ ಊರುಗಳಲ್ಲಿ ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಕಿಟಕಿ ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೆ ಹೋದದ್ದುಂಟು. ಮುಚ್ಚಿದ ಕೋಣೆಯಲ್ಲಿ ತಲೆ ಭಾರವಾಗಿ ಯಾರೋ ಬಂದಂತೆನಿಸಿದರೆ, ಹನುಮಾನ್ ಚಾಲೀಸ ಆಮೇಲೆ ಹೇಳಿ, ಮೊದಲು ಬಾಗಿಲು ತೆಗೆದು ಹೊರಗೆ ಬನ್ನಿ.

ಈಗ ನನ್ನ ಟಿ.ಬಿ.ಗೆ ಬರೋಣ. ರಾತ್ರಿ ಹೇಗೋ ಕಳೆಯಿತು. ಬೆಳಿಗ್ಗೆ ಮೇಟಿ ಬಿಸಿನೀರು ಕಾಯಿಸಲು ಹಿತ್ತಲಿಗೆ ಹೋದಾಗ ಮೆಲ್ಲನೆ ಆ ಕೊನೆಯ ಕೋಣೆಯ ಬಾಗಿಲು ತಳ್ಳಿದೆ. ಚಿಲಕವಿರಲಿಲ್ಲ. ದೊರೆ ಸತ್ತನೆಂಬ ಮಂಚದ ತುಂಬ ಅಡಿಕೆ ಹರಡಿತ್ತು. ಮೂಲೆಯಲ್ಲಿ ನಾಲ್ಕಾರು ಮೂಟೆ, ತೊಲೆಗೆ ತೂಗುಹಾಕಿದ ಎರಡು ಬಾಳೆಗೊನೆ. ನೆಲಕ್ಕೆ ಉರುಳಿಬಿದ್ದ ಅಡಿಕೆಯ ನಡುವೆ ಒಂದು ಹೇಂಟೆ ಕಾವು ಕೂತಿತ್ತು. ನನ್ನನ್ನು ಕಂಡು ಗರಿ ಕೆದರಿತು. ಹಿಂದಿನಿಂದ ಮೇಟಿ ಬಂದು ನಿಂತ. ನಾನೂ ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹಗಲು ಹೊತ್ತಲ್ಲಿ ಏನೂ ಮಾಡಲ್ಲ ಸಾರ್ ಅವ್ನು" ಎಂದು, ಗೊನೆಯಿಂದ ನಾಲ್ಕು ಹಣ್ಣು ಮುರಿದು ನನ್ನ ಕೈಗಿಟ್ಟ.