ಮರ ಕೂಡಿಸುವ ಅಂಟು: ಆಯ್ಕೆಯಲ್ಲಿ ಅರಿವಿರಲಿ

(ಸಂಘದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂತಹ ಶಿಬಿರಗಳಲ್ಲಿ ಸಾಮಾನ್ಯವಾಗಿ ಇಂಜಿನಿಯರಿಂಗ್, ವೈದ್ಯಕೀಯ, ಕಂಪ್ಯೂಟರ್ ಕೋರ್ಸುಗಳ ಬಗ್ಗೆ ಮಾತು ನಡೆಯುತ್ತದೆ. ನಾನು ಇಂದು ಮಾತನಾಡಲಿರುವುದು ಮರಗೆಲಸದ ಅಂಟಿನ ಬಗ್ಗೆ. ಇದೆಷ್ಟು ದೊಡ್ಡ ವಿಷಯ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ಅಜ್ಜಿ ಕೈಯೂರಿ ಏಳುವ ಕುರ್ಚಿ, ಮಗು ಮಲಗುವ ತೊಟ್ಟಿಲು, ತಲೆಯ ಮೇಲಿನ ಪುಸ್ತಕದ ಕಪಾಟು ಇವೆಲ್ಲ ಒಂದು ತೆಳು ಪದರದ ಅಂಟನ್ನು ನಂಬಿ ನಿಂತಿವೆ. ಆ ಪದರ ಕಣ್ಣಿಗೆ ಕಾಣುವುದಿಲ್ಲ. ಗಿರಾಕಿ ಅದನ್ನು ಪರೀಕ್ಷಿಸಲಾರ. ಬಣ್ಣ, ಪಾಲಿಶ್ ನೋಡಿ ಹಣ ಕೊಡುತ್ತಾನೆ. ಒಳಗಿನ ಕೆಲಸವನ್ನು ಬಡಗಿಯ ಮೇಲಿನ ನಂಬಿಕೆಗೆ ಬಿಡುತ್ತಾನೆ. ಆದ್ದರಿಂದಲೇ ಈ ವಿಷಯ ಸಣ್ಣದಲ್ಲ.

ಮೊದಲು ಅಂಟು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯೋಣ. ಮರವೆಂದರೆ ಉದ್ದುದ್ದ ಕೊಳವೆಗಳ ಕಟ್ಟು. ಬದಿಯಿಂದ ಬದಿಗೆ, ಅಂದರೆ ಎಳೆಯ ಉದ್ದಕ್ಕೂ ಎರಡು ಹಲಗೆಗಳನ್ನು ಕೂಡಿಸಿದಾಗ ಅಂಟು ಮೇಲ್ಮೈಯ ಸೂಕ್ಷ್ಮ ರಂಧ್ರಗಳಿಗೆ ಇಳಿದು ಗಟ್ಟಿಯಾಗುತ್ತದೆ. ಸರಿಯಾಗಿ ಮಾಡಿದ ಇಂತಹ ಬೆಸುಗೆ ಮರಕ್ಕಿಂತಲೂ ಗಟ್ಟಿ. ಮುರಿಯಲು ಹೋದರೆ ಪಕ್ಕದ ಮರವೇ ಸೀಳುತ್ತದೆ. ಆದರೆ ಹಲಗೆಯ ಅಡ್ಡ ಕತ್ತರಿಸಿದ ತುದಿಗೆ ಅಂಟು ಹಚ್ಚಿದರೆ ಕೊಳವೆಗಳು ಅದನ್ನು ಹೀರಿಬಿಡುತ್ತವೆ. ಕೂಡಬೇಕಾದ ಜಾಗದಲ್ಲಿ ಉಳಿಯುವುದು ಅಲ್ಪ. ಅಲ್ಲಿ ಎಷ್ಟೇ ದುಬಾರಿ ಅಂಟು ಹಾಕಿದರೂ ಗೂಟ, ಕಚ್ಚು, ತೂತು-ಮೊಳೆಯ ಜೋಡಣೆ ಇಲ್ಲದೆ ನಿಲ್ಲದು. ನಮ್ಮ ಹಿರಿಯ ಬಡಗಿಗಳು ಕಚ್ಚು ಕೊರೆಯುವುದಕ್ಕೆ ಅಷ್ಟೊಂದು ಸಮಯ ಕೊಡುತ್ತಿದ್ದುದು ಸುಮ್ಮನೆ ಅಲ್ಲ.

ಅಂಟಿನ ಇತಿಹಾಸ ಬಹಳ ಹಳೆಯದು. ಈಜಿಪ್ಟಿನ ಥೀಬ್ಸ್‌ನಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದಿನ ರೆಖ್ಮಿರೆಯ ಸಮಾಧಿಯ ಗೋಡೆ ಚಿತ್ರದಲ್ಲಿ ಒಲೆಯ ಮೇಲಿನ ಅಂಟಿನ ಪಾತ್ರೆ ಮತ್ತು ಮರಗೆಲಸಗಾರರು ಕಾಣುತ್ತಾರೆ. ಅದು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು. ನಮ್ಮಲ್ಲಿ ಇದನ್ನು ಮರವಜ್ರ ಎಂದೂ ಸರೇಸು ಎಂದೂ ಕರೆಯುತ್ತಾ ಬಂದಿದ್ದಾರೆ. ಇದನ್ನು ನೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು, ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಳಸಬೇಕು. ಕುದಿಸಿದರೆ ಶಕ್ತಿ ಕಳೆದುಕೊಳ್ಳುತ್ತದೆ. ನೀರು ತಗುಲಿದರೆ ಬಿಡುತ್ತದೆ, ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಆದರೆ ಈ ದೋಷವೇ ಒಂದು ಗುಣ. ಪಿಟೀಲಿನಂತಹ ವಾದ್ಯವನ್ನು ಮುಂದೊಮ್ಮೆ ರಿಪೇರಿಗೆ ಬಿಚ್ಚಬೇಕಾದಾಗ ಶಾಖ ಮತ್ತು ತೇವ ಕೊಟ್ಟು ಮರಕ್ಕೆ ಗಾಯವಾಗದಂತೆ ಬಿಡಿಸಬಹುದು. ಆದ್ದರಿಂದ ವಾದ್ಯ ತಯಾರಕರೂ ಹಳೆಯ ಪೀಠೋಪಕರಣ ದುರಸ್ತಿ ಮಾಡುವವರೂ ಇಂದಿಗೂ ಇದನ್ನು ಬಿಟ್ಟಿಲ್ಲ.

ಇನ್ನು ನೀವೆಲ್ಲ ಕಂಡಿರುವ ಬಿಳಿ ಅಂಟು. ಇದರ ಮೂಲವಸ್ತು ಪಾಲಿವಿನೈಲ್ ಅಸಿಟೇಟ್. ಜರ್ಮನಿಯ ಫ್ರಿಟ್ಜ್ ಕ್ಲಾಟೆ ಇದನ್ನು 1912ರಲ್ಲಿ ಕಂಡುಹಿಡಿದರು. ನಮ್ಮ ದೇಶದಲ್ಲಿ 1959ರಲ್ಲಿ ಫೆವಿಕಾಲ್ ಮಾರುಕಟ್ಟೆಗೆ ಬಂದ ಮೇಲೆ ಒಲೆ, ಪಾತ್ರೆ, ವಾಸನೆಯ ಕಾಟ ತಪ್ಪಿತು. ಡಬ್ಬಿ ತೆರೆದರೆ ಕೆಲಸ ಶುರು. ಇಂದು ಯಾವುದೇ ಕಂಪನಿಯ ಬಿಳಿ ಅಂಟನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಒಳಾಂಗಣದ ಮೇಜು, ಕುರ್ಚಿ, ಕಪಾಟುಗಳಿಗೆ ಇದು ಸಾಕು. ಆದರೆ ಇದಕ್ಕೆ ಮೂರು ಮಿತಿಗಳಿವೆ. ಸಾಧಾರಣ ಬಿಳಿ ಅಂಟು ನೀರಿಗೆ ಸೋಲುತ್ತದೆ. ಹೆಚ್ಚು ಶಾಖದಲ್ಲಿ ಮೆದುವಾಗುತ್ತದೆ. ಸದಾಕಾಲ ಭಾರ ಬೀಳುವ ಕಡೆ ವರ್ಷಗಳ ಕಾಲ ನಿಧಾನವಾಗಿ ಜಾರುತ್ತದೆ. ಆದ್ದರಿಂದ ಬಾಗಿಸಿ ಅಂಟಿಸಿದ ಪಟ್ಟಿಗಳಿಗೆ, ಛಾವಣಿಯ ತೊಲೆಗಳಿಗೆ ಇದು ಸಲ್ಲದು.

ಬಿಳಿ ಅಂಟಿನಲ್ಲೂ ದರ್ಜೆಗಳಿವೆ. ಯುರೋಪಿನ ಇಎನ್ 204 ಮಾನದಂಡದಲ್ಲಿ ಡಿ1ರಿಂದ ಡಿ4ರವರೆಗೆ ನಾಲ್ಕು ವರ್ಗಗಳಿವೆ. ಡಿ1 ಒಣ ಕೋಣೆಗೆ ಮಾತ್ರ. ಡಿ3 ಆಗಾಗ ಸ್ವಲ್ಪ ಹೊತ್ತು ನೀರು ತಗುಲುವ ಅಡುಗೆಮನೆಯಂತಹ ಜಾಗಕ್ಕೆ. ಡಿ4 ಇನ್ನೂ ಕಠಿಣ ತೇವಕ್ಕೆ. ಈ ಗುರುತನ್ನು ಅನೇಕ ಡಬ್ಬಿಗಳ ಮೇಲೆ ಅಚ್ಚು ಹಾಕಿರುತ್ತಾರೆ. ಬೆಲೆ ಓದುವ ಮೊದಲು ಇದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಸಾಮಾನ್ಯ ದರ್ಜೆಯ ಪ್ಲೈವುಡ್ ಕಾರ್ಖಾನೆಗಳಲ್ಲಿ ಬಳಕೆಯಾಗುತ್ತದೆ. ಗಟ್ಟಿಯಾಗಿ ನಿಲ್ಲುತ್ತದೆ, ಜಾರುವುದಿಲ್ಲ. ಆದರೆ ಸತತ ತೇವ ತಡೆಯದು. ಕುದಿಯುವ ನೀರನ್ನೂ ತಡೆಯಬೇಕಾದರೆ ಫೀನಾಲ್ ಫಾರ್ಮಾಲ್ಡಿಹೈಡ್ ಬೇಕು. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ. ನೀವು ಸಿಂಕಿನ ಕೆಳಗಿನ ಕಪಾಟಿಗೆ ಒಳ್ಳೆಯ ಪ್ಲೈವುಡ್ ತಂದು, ಅದನ್ನು ಕೂಡಿಸಲು ಅಗ್ಗದ ಬಿಳಿ ಅಂಟು ಬಳಸಿದರೆ ಹಲಗೆ ಉಳಿಯುತ್ತದೆ, ಕಪಾಟು ಉಳಿಯುವುದಿಲ್ಲ.

ಎಪಾಕ್ಸಿ ಎರಡು ಭಾಗಗಳಲ್ಲಿ ಬರುತ್ತದೆ. ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು; ಕಣ್ಣಳತೆ ಇಲ್ಲಿ ನಡೆಯದು. ಸಂದು ತುಂಬುವ ಶಕ್ತಿ ಇದಕ್ಕಿದೆ, ನೀರಿಗೂ ಜಗ್ಗದು, ಮರಕ್ಕೆ ಲೋಹವನ್ನೂ ಕೂಡಿಸುತ್ತದೆ. ಬೆಲೆ ಹೆಚ್ಚು. ಪಾಲಿಯುರಿಥೇನ್ ಅಂಟು ತೇವವನ್ನು ಹೀರಿಯೇ ಗಟ್ಟಿಯಾಗುತ್ತದೆ ಮತ್ತು ನೊರೆಯಂತೆ ಉಬ್ಬುತ್ತದೆ. ಆ ನೊರೆ ಸಂದು ತುಂಬಿದಂತೆ ಕಂಡರೂ ಅದರಲ್ಲಿ ಬಲವಿಲ್ಲ ಎಂಬುದನ್ನು ಮರೆಯಬೇಡಿ. ರಬ್ಬರ್ ಆಧಾರಿತ ಅಂಟು ಲ್ಯಾಮಿನೇಟ್ ಹಾಳೆಗಳಿಗೆ. ಎರಡೂ ಮುಖಕ್ಕೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಕುರ್ಚಿಯ ಕಾಲಿಗೆ ಇದನ್ನು ಬಳಸಬಾರದು. ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಸಣ್ಣ ಚಕ್ಕೆ ಎದ್ದಿದ್ದನ್ನು ಕೂಡಿಸಲು ಒಳ್ಳೆಯದು. ಪೆಟ್ಟು ಬಿದ್ದರೆ ಒಡೆಯುತ್ತದೆ.

ಅಂಟು ಒಳ್ಳೆಯದಾದರೆ ಸಾಕೇ? ಇತಿಹಾಸದ ಒಂದು ಘಟನೆ ಕೇಳಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿ ಮಸ್ಕಿಟೊ ಎಂಬ ಯುದ್ಧವಿಮಾನವನ್ನು ಬಹುಪಾಲು ಮರದಿಂದಲೇ ಕಟ್ಟಿತು. ಮೊದಮೊದಲು ಬಳಸಿದ್ದು ಹಾಲಿನ ಪ್ರೋಟೀನಿನಿಂದ ಮಾಡಿದ ಕೇಸಿನ್ ಅಂಟು. ತೇವದ ಹವೆಗೆ ಅದು ತಕ್ಕುದಲ್ಲವೆಂದು ನಂತರ ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾದರು. ಆದರೂ 1944ರ ಕೊನೆಯಲ್ಲಿ ನಮ್ಮ ಭಾರತದ ನೆಲದಲ್ಲಿದ್ದ ಮಸ್ಕಿಟೊ ವಿಮಾನಗಳ ರೆಕ್ಕೆಗಳು ಹಾರಾಟದಲ್ಲೇ ಮುರಿದು ಜೀವಹಾನಿಯಾಯಿತು. ನವೆಂಬರಿನಲ್ಲಿ ಅವುಗಳ ಹಾರಾಟವನ್ನೇ ನಿಲ್ಲಿಸಬೇಕಾಯಿತು. ಕೆಲವರು ದೂರಿದ್ದು ಇಲ್ಲಿಯ ಹವೆಯನ್ನು. ಪರಿಶೀಲಿಸಿದಾಗ ಕೆಲವು ರೆಕ್ಕೆಗಳ ಒಳಗೆ ಮರಕ್ಕೆ ಮರ ಸರಿಯಾಗಿ ಕೂಡದೆ ಸಂದು ಉಳಿದಿದ್ದು ಕಂಡಿತು. ಇದರಿಂದ ನಾವು ಕಲಿಯಬೇಕಾದ ಪಾಠ ಎರಡು. ಹವೆಗೆ ತಕ್ಕ ಅಂಟು ಬೇಕು. ಅಂಟಿಗೆ ತಕ್ಕ ಜೋಡಣೆಯೂ ಬೇಕು.

ಹಾಗಾದರೆ ಆಯ್ಕೆ ಮಾಡುವುದು ಹೇಗೆ? ಅಂಗಡಿಗೆ ಹೋಗುವ ಮುನ್ನ ಐದು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ.

ಒಂದು, ಈ ವಸ್ತು ಎಲ್ಲಿ ಇರುತ್ತದೆ? ಒಣ ಕೋಣೆಯೋ, ಬಚ್ಚಲ ಪಕ್ಕವೋ, ಮಳೆಗೆ ಒಡ್ಡಿದ ಅಂಗಳವೋ? ಎರಡು, ಜೋಡಣೆ ಬಿಗಿಯಾಗಿದೆಯೋ ಸಂದು ಉಳಿದಿದೆಯೋ? ಬಿಳಿ ಅಂಟು ಸಂದು ತುಂಬದು. ಮೂರು, ಮರ ಯಾವುದು? ತೇಗ, ಬೀಟೆಗಳಲ್ಲಿ ಸಹಜವಾದ ಎಣ್ಣೆ, ಅಂಟುಪದಾರ್ಥಗಳಿರುತ್ತವೆ. ಉಜ್ಜುಗೊರಡು ಹಾಕಿದ ದಿನವೇ ಅಂಟಿಸಬೇಕು. ಬೇಕಾದರೆ ಅಸಿಟೋನಿನಿಂದ ಒರೆಸಿ, ಆರಿದ ಮೇಲೆ ಅಂಟಿಸಬೇಕು. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸ ಕಲಿಯಬೇಕೆಂದಿರುವವರು ಇದನ್ನು ವಿಶೇಷವಾಗಿ ನೆನಪಿಡಿ. ನಾಲ್ಕು, ಮುಂದೆ ಬಿಚ್ಚಬೇಕಾದೀತೇ? ಐದು, ಸದಾ ಭಾರ ಹೊರುವ ಭಾಗವೇ?

ಈ ಐದಕ್ಕೆ ಉತ್ತರ ಸಿಕ್ಕರೆ ಅಂಟಿನ ಹೆಸರು ತಾನಾಗಿಯೇ ಹೊಳೆಯುತ್ತದೆ. ಒಣ ಕೋಣೆಯ ಬಿಗಿ ಜೋಡಣೆಗೆ ಸಾಧಾರಣ ಬಿಳಿ ಅಂಟು. ಅಡುಗೆಮನೆಗೆ ಡಿ3. ಹೊರಾಂಗಣದಲ್ಲಿ ಜೋಡಣೆ ಬಿಗಿಯಾಗಿದ್ದರೆ ಪಾಲಿಯುರಿಥೇನ್, ಸಂದು ಉಳಿದಿದ್ದರೆ ಎಪಾಕ್ಸಿ. ಬಿಚ್ಚಬೇಕಾದ ವಾದ್ಯಕ್ಕೆ ಮರವಜ್ರ. ಎಲ್ಲಕ್ಕೂ ದುಬಾರಿಯದ್ದೇ ಬೇಕೆಂದಿಲ್ಲ. ಕೆಲಸಕ್ಕೆ ತಕ್ಕದ್ದು ಬೇಕು.

ನಮ್ಮ ನಾಡಿನ ಹವೆಯನ್ನೂ ಗಮನಿಸಿ. ಮಂಗಳೂರಿನ ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿರುತ್ತದೆ. ಆಗ ಮಾಡಿದ ಮೇಜನ್ನು ವಿಜಯಪುರದ ಬೇಸಿಗೆಗೆ ಕಳುಹಿಸಿದರೆ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮೇಜಿನ ಅಗಲವಾದ ಹಲಗೆಯನ್ನು ಅಡ್ಡಪಟ್ಟಿಗೆ ಪೂರ್ತಿ ಅಂಟಿಸಿಬಿಟ್ಟಿದ್ದರೆ ಒಂದೋ ಅಂಟು ಬಿಡುತ್ತದೆ, ಇಲ್ಲವೇ ಮರ ಸೀಳುತ್ತದೆ. ಅಂತಹ ಕಡೆ ಅಂಟಿನ ಬದಲು ಮರ ಸರಿದಾಡಲು ಅವಕಾಶವಿರುವ ತೂತಿನಲ್ಲಿ ತಿರುಪುಮೊಳೆ ಹಾಕಬೇಕು. ಎಲ್ಲಿ ಅಂಟಿಸಬಾರದು ಎಂದು ತಿಳಿಯುವುದೂ ವಿದ್ಯೆಯೇ.

ಇನ್ನು ಕೆಲಸದ ಕ್ರಮ. ಮೇಲ್ಮೈ ಸ್ವಚ್ಛವಾಗಿರಲಿ, ದೂಳು, ಮೇಣ, ಹಳೆಯ ಪಾಲಿಶ್ ಇರದಿರಲಿ. ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿ. ಅಂಟನ್ನು ತೆಳುವಾಗಿ, ಸಮನಾಗಿ ಹರಡಿ. ಕ್ಲ್ಯಾಂಪ್ ಬಿಗಿದಾಗ ಸಂದಿನುದ್ದಕ್ಕೂ ಸಣ್ಣ ಹನಿಗಳು ಮೂಡಿದರೆ ಅಳತೆ ಸರಿ. ಹನಿಯೇ ಬರದಿದ್ದರೆ ಅಂಟು ಕಡಿಮೆ. ಬಿಳಿ ಅಂಟಿಗೆ ಅರ್ಧದಿಂದ ಒಂದು ಗಂಟೆ ಬಿಗಿತ ಬೇಕು, ಪೂರ್ಣ ಬಲಕ್ಕೆ ಒಂದು ದಿನ ಬೇಕು. ಗಿರಾಕಿ ಅವಸರ ಮಾಡಿದರೂ ಆ ಒಂದು ದಿನವನ್ನು ಬಿಟ್ಟುಕೊಡಬೇಡಿ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಅದು ರಂಧ್ರಗಳಿಗೆ ಇಳಿದು ಪಾಲಿಶ್ ಹಚ್ಚಿದಾಗ ಕಲೆಯಾಗಿ ಏಳುತ್ತದೆ. ಅರೆಗಟ್ಟಿಯಾದ ಮೇಲೆ ಉಳಿಯಿಂದ ಎಬ್ಬಿಸಿ ತೆಗೆಯಿರಿ.

ಹೊಸ ಅಂಟು ತಂದಾಗ ಅದೇ ಮರದ ಎರಡು ತುಂಡುಗಳನ್ನು ಕೂಡಿಸಿ, ಮರುದಿನ ಸುತ್ತಿಗೆಯಿಂದ ಮುರಿದು ನೋಡಿ. ಮರದ ಎಳೆ ಕಿತ್ತು ಬಂದರೆ ಅಂಟು ಒಳ್ಳೆಯದು. ಎರಡೂ ಮುಖ ನುಣುಪಾಗಿ ಬೇರೆಯಾದರೆ ಏನೋ ತಪ್ಪಿದೆ. ಈ ಪರೀಕ್ಷೆಗೆ ಖರ್ಚು ಏನೂ ಇಲ್ಲ.

ಕೊನೆಯದಾಗಿ ನಿಮ್ಮ ಆರೋಗ್ಯ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿದೆ. ಎಪಾಕ್ಸಿ ಬರಿಗೈಗೆ ತಗುಲುತ್ತಿದ್ದರೆ ಚರ್ಮದ ಅಲರ್ಜಿ ಬರಬಹುದು. ಅದು ಒಮ್ಮೆ ಬಂದರೆ ಆ ಕೆಲಸವನ್ನೇ ಬಿಡಬೇಕಾದೀತು. ರಬ್ಬರ್ ಅಂಟಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರಾಡಿದರೆ ತಲೆ ಸುತ್ತುತ್ತದೆ. ಕಿಟಕಿ ತೆರೆಯಿರಿ, ಕೈಗವಸು ಹಾಕಿ, ಹತ್ತಿರ ಬೀಡಿ, ಸ್ಟೌ ಬೇಡ. ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ಹೇಳಿಕೊಡುವುದು ಯಜಮಾನರ ಕರ್ತವ್ಯ. ಕೇಳಿ ಪಡೆಯುವುದು ಹುಡುಗರ ಹಕ್ಕು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರ ತಂದೆ, ಚಿಕ್ಕಪ್ಪಂದಿರು ಬಡಗಿಗಳಿರಬಹುದು. ಅವರ ಕೈಯಲ್ಲಿರುವ ಅನುಭವ ದೊಡ್ಡದು. ನೀವು ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವನ್ನು ಆ ಅನುಭವದ ಪಕ್ಕದಲ್ಲಿಟ್ಟು ನೋಡಿ. ಇಂದು ಮನೆಗೆ ಹೋಗಿ ಒಂದು ಅಂಟಿನ ಡಬ್ಬಿಯ ಮೇಲೆ ಬರೆದದ್ದನ್ನು ಅವರಿಗೆ ಓದಿ ಹೇಳಿ. ಅವರಿಂದ ಎರಡು ಮಾತು ಕೇಳಿ ತಿಳಿಯಿರಿ. ಮಾಡಿದ ವಸ್ತು ಇಪ್ಪತ್ತು ವರ್ಷ ಅಲುಗಾಡದೆ ನಿಂತರೆ ಬಡಗಿಗೆ ಬೇರೆ ಜಾಹೀರಾತು ಬೇಕಿಲ್ಲ.