ಗಾರ್ಡ್ ಊರೊಳಗೆ ಬರಲಿ

ನಮ್ಮ ದೇವಲಾಪುರ ಹೋಬಳಿಯಲ್ಲಿ ವನ್ಯಜೀವಿ ಚಿತ್ರಗಳ ಪ್ರದರ್ಶನ ಈಗ ಶುರುವಾಯಿತು; ಚಿತ್ರಗಳ ಬಗ್ಗೆ ಬಲ್ಲವರು ಆಮೇಲೆ ಹೇಳುತ್ತಾರೆ. ಇಲ್ಲಿ ಮೊದಲು ಆಗಬೇಕಾದದ್ದು ಫಾರೆಸ್ಟ್ ಗಾರ್ಡ್ ಮತ್ತು ವಾಚರ್‌ಗಳ ಮಾತು.

ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿತು. 2022ರಲ್ಲಿ ಅದು ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಅಲ್ಲಿಗೆ ಹೋದ ಮಗುವಿಗೆ ನೆನಪುಳಿಯುವುದು ದೋಣಿ ನಡೆಸುವವನ ಮಾತು. ಹುಟ್ಟು ಹಾಕುವುದನ್ನು ನಿಲ್ಲಿಸಿ, ಬಂಡೆಯ ಮೇಲೆ ಬಾಯಿ ತೆರೆದು ಬಿದ್ದ ಮೊಸಳೆಯನ್ನು ತೋರಿಸಿ, 'ಅದಕ್ಕೆ ಸಿಟ್ಟು ಬಂದಿಲ್ಲ, ಮೈಯ ಕಾವು ಇಳಿಸಿಕೊಳ್ತಿದೆ' ಎನ್ನುತ್ತಾನೆ. ಅಲ್ಲಿಗೆ ಅರ್ಧ ಹೆದರಿಕೆ ಹೋಯಿತು.

ಹೆದರಿಕೆ ಕಳೆಯುವ ಇದೇ ಕೆಲಸ ಮೇಲುಕೋಟೆಯಲ್ಲಿ ಗಾರ್ಡ್‌ಗೆ ಇನ್ನೂ ಕಷ್ಟದ್ದು. ಐವತ್ತು ಚದರ ಕಿಲೋಮೀಟರಿಗೆ ತುಸು ಕಡಿಮೆಯಿರುವ ಆ ಕುರುಚಲು ಗುಡ್ಡಗಳು 1974ರಲ್ಲಿ ವನ್ಯಧಾಮವಾದದ್ದು ಮುಖ್ಯವಾಗಿ ತೋಳಕ್ಕಾಗಿ. ತೋಳ ರಾತ್ರಿ ಹಟ್ಟಿಗೆ ನುಗ್ಗಿದರೆ ಕುರಿಗಾಹಿಯ ವರ್ಷದ ದುಡಿಮೆಗೇ ಪೆಟ್ಟು. ಬೆಳಿಗ್ಗೆಯೇ ಗಾರ್ಡ್ ಬಂದು, ಸತ್ತ ಕುರಿಯ ಕತ್ತಿನ ಗಾಯ, ಸುತ್ತಲ ಮಣ್ಣಿನ ಹೆಜ್ಜೆ ನೋಡಿ, ಬೀದಿನಾಯಿಯೋ ತೋಳವೋ ಎಂದು ಗುರುತಿಸಿ, ಫೋಟೊ ಹಿಡಿದು, ಮಹಜರು ಬರೆದು, ಪರಿಹಾರದ ಅರ್ಜಿ ಹಾಕಿಸಿದರೆ ಆ ಮನುಷ್ಯ ತೋಳವನ್ನು ಸಹಿಸಿಕೊಂಡಾನು. ಯಾರೂ ತಿರುಗಿ ನೋಡದಿದ್ದರೆ ಸಿಟ್ಟಿಗೆ ಕಳೇಬರಕ್ಕೆ ವಿಷ ಬೀಳಬಹುದು. ಅದನ್ನು ತಿಂದ ನರಿ, ಹದ್ದು, ಹಟ್ಟಿಯ ನಾಯಿ ಎಲ್ಲವೂ ಸಾಯುತ್ತವೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಸೆಮರಗಳ ಫಸಲಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಗೂಡಿನಿಂದ ಬಿದ್ದ ಮರಿಗಳನ್ನು ಊರವರೇ ಸಾಕಿ ಬಿಡುತ್ತಾರೆ. ಇಲಾಖೆಗೂ ಊರಿಗೂ ಮಾತುಕತೆ ಇದ್ದಲ್ಲಿ ಇಷ್ಟೆಲ್ಲ ಸಾಧ್ಯ.

ನಮ್ಮ ಸೀಮೆಯ ಹಳಬರಿಗೆ ಗಾರ್ಡ್ ಎಂದರೆ ಸೌದೆಹೊರೆ ಇಳಿಸಿ ಕೊಡಲಿ ಕಿತ್ತುಕೊಳ್ಳುವವನು. ಅವನು ಬಂದನೆಂದರೆ ಹೆಂಗಸರು ದಾರಿ ಬದಲಿಸುತ್ತಿದ್ದರು. ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. ಹೋಗಬೇಕಾದರೆ ಒಬ್ಬನೇ ಮನುಷ್ಯ ಕೆಲವು ವರ್ಷ ಒಂದೇ ಕಡೆ ಇರಬೇಕು. ಊರು ಬಲ್ಲ ವಾಚರ್‌ಗಳಲ್ಲಿ ಎಷ್ಟೋ ಮಂದಿ ದಿನಗೂಲಿಯವರು, ಗುತ್ತಿಗೆಯವರು. ಬೇಸಿಗೆಯ ಕಾಳ್ಗಿಚ್ಚಿಗೆ ಹಸಿಸೊಪ್ಪು ಹಿಡಿದು ಮೊದಲು ನುಗ್ಗುವವರು ಅವರೇ. ಅವರ ಕೆಲಸ ಖಾಯಂ ಆಗದೆ ಊರಿಗೂ ಇಲಾಖೆಗೂ ನಡುವಿನ ನಂಟು ನಿಲ್ಲುವುದಿಲ್ಲ.

ಆದಿಚುಂಚನಗಿರಿಯ ನವಿಲುಧಾಮ ಇದೇ ನಾಗಮಂಗಲ ತಾಲ್ಲೂಕಿನಲ್ಲಿದೆ. ಮೇಷ್ಟರುಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ, ವಾಚರ್ ಜೊತೆಗೆ ನಡೆಸಲಿ. ಈ ಬೀಟಿನ ಗಾರ್ಡ್ ತಿಂಗಳಿಗೊಮ್ಮೆ ದೇವಲಾಪುರದ ಶಾಲೆಗೆ ಬರಲಿ. ಅವರ ಫೋನ್ ನಂಬರು ಪಂಚಾಯಿತಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿರಲಿ.